ಡೀಸೆಲ್ ಪಿಕಪ್ ವಾಹನದ ಬ್ಯಾಟರಿ: ಬದಲಾವಣೆಗೆ ಮುನ್ನ ಅಳತೆ

ರಾಜ್ಯದ ಕೃಷಿ ಉತ್ಪನ್ನಗಳ ಹಾಗೂ ಸಣ್ಣ ವ್ಯಾಪಾರದ ಸರಕು ಸಾಗಣೆಯಲ್ಲಿ ಡೀಸೆಲ್ ಪಿಕಪ್ ವಾಹನಗಳ ಪಾತ್ರ ಎಲ್ಲರಿಗೂ ತಿಳಿದದ್ದೇ. ಕೋಲಾರದ ಟೊಮೆಟೊ ಮಾರುಕಟ್ಟೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಮಲ್ಪೆಯ ಮೀನುಗಾರಿಕೆ ಬಂದರು, ಇವುಗಳಲ್ಲಿ ಎಲ್ಲಿಗೆ ಹೋದರೂ ಸಾಲುಗಟ್ಟಿ ನಿಂತ ಪಿಕಪ್‌ಗಳು ಕಾಣುತ್ತವೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನಗಳ ವರ್ಗವೇ ವಿಸ್ತಾರಗೊಂಡಿತು. ಮಹೀಂದ್ರ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಹಳ್ಳಿಯ ತೋಟದಿಂದ ನಗರದ ಮಂಡಿಯವರೆಗಿನ ದಾರಿಯನ್ನು ತಮ್ಮದಾಗಿಸಿಕೊಂಡವು.

ಇಂತಹ ವಾಹನದ ಮಾಲೀಕರು ಡೀಸೆಲ್, ಟೈರು, ವಿಮೆ, ಸಾಲದ ಕಂತು, ಚಾಲಕರ ಸಂಬಳ ಇವೆಲ್ಲವನ್ನೂ ಲೆಕ್ಕದಲ್ಲಿ ಇಟ್ಟಿರುತ್ತಾರೆ. ಬ್ಯಾಟರಿ ಮಾತ್ರ ಕೈಕೊಟ್ಟ ದಿನವೇ ನೆನಪಿಗೆ ಬರುವ ವಸ್ತು. ನಸುಕಿನಲ್ಲಿ ಸರಕು ತುಂಬಿ ನಿಂತ ವಾಹನ ಚಾಲೂ ಆಗದಿದ್ದರೆ ಆಗುವ ನಷ್ಟ ಬ್ಯಾಟರಿಯ ಬೆಲೆಯಷ್ಟೇ ಅಲ್ಲ. ಹರಾಜಿನ ಹೊತ್ತು ಮೀರಿದ ಟೊಮೆಟೊಗೆ ಬೆಳಗಿನ ಬೆಲೆ ಸಿಗುವುದಿಲ್ಲ. ಹಿಮ ಕರಗಿದ ಮೀನಿಗೆ ಗಿರಾಕಿ ಇರುವುದಿಲ್ಲ. ಅಂತಹ ಅವಸರದಲ್ಲಿ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಬ್ಯಾಟರಿಯನ್ನು ಹೇಳಿದ ಬೆಲೆಗೆ ಕೊಳ್ಳುವುದು ವಾಡಿಕೆಯಾಗಿದೆ. ಕೆಲವೇ ತಿಂಗಳುಗಳಲ್ಲಿ ಅದೂ ಸೋತಾಗ ತಯಾರಕರನ್ನು ದೂರಲಾಗುತ್ತದೆ. ಆದರೆ ಹಲವು ಸಂದರ್ಭಗಳಲ್ಲಿ ದೋಷ ಬ್ಯಾಟರಿಯಲ್ಲಿ ಇರುವುದೇ ಇಲ್ಲ. ಹಳೆಯ ಬ್ಯಾಟರಿಯನ್ನು ಕೊಂದ ಕಾರಣ ವಾಹನದಲ್ಲೇ ಉಳಿದುಕೊಂಡು ಹೊಸದನ್ನೂ ಕೊಲ್ಲುತ್ತಿರುತ್ತದೆ. ಆದಕಾರಣ ಹಣ ಬಿಚ್ಚುವ ಮುನ್ನ ಅಳತೆ ಮಾಡುವುದೇ ಈ ವಿಷಯದಲ್ಲಿ ಮೊದಲ ಸೂತ್ರ.

ಡೀಸೆಲ್ ಇಂಜಿನ್ ಕೇಳುವ ಬಲ

ಪೆಟ್ರೋಲ್ ಇಂಜಿನ್‌ನಲ್ಲಿ ಇಂಧನವನ್ನು ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಅದು ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಪೆಟ್ರೋಲ್ ಇಂಜಿನ್‌ಗಳಲ್ಲಿ ಈ ಅನುಪಾತ ಬಹುಮಟ್ಟಿಗೆ 9ರಿಂದ 12ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಒತ್ತಡವನ್ನು ಮೀರಿ ಇಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರಿಗೆ ಕೆಲವು ಕ್ಷಣಗಳ ಕಾಲ ನೂರಾರು ಆಂಪಿಯರ್ ವಿದ್ಯುತ್ ಬೇಕಾಗುತ್ತದೆ. ತಣ್ಣನೆಯ ಮುಂಜಾನೆಗಳಲ್ಲಿ ಸಿಲಿಂಡರನ್ನು ಮೊದಲೇ ಬಿಸಿಮಾಡುವ ಗ್ಲೋ ಪ್ಲಗ್‌ಗಳು ಇರುವ ವಾಹನಗಳಲ್ಲಿ ಅವುಗಳ ಹೊರೆಯೂ ಬ್ಯಾಟರಿಯ ಮೇಲೆಯೇ ಬೀಳುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಇವುಗಳಲ್ಲಿ ಡೀಸೆಲ್ ಸಿಂಪಡಿಸುವ ಕಾರ್ಯವನ್ನು ಇಂಜಿನ್ನಿನ ಕಂಪ್ಯೂಟರ್ ಘಟಕ, ಅಂದರೆ ಇಸಿಯು, ನಿಯಂತ್ರಿಸುತ್ತದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಬಹಳ ಕುಸಿದರೆ ಇಂಜಿನ್ ತಿರುಗುತ್ತಿದ್ದರೂ ಇಸಿಯು ಸರಿಯಾಗಿ ಕೆಲಸ ಮಾಡದೆ ಇಂಧನ ಬಾರದಿರಬಹುದು. ಹಳೆಯ ವಾಹನಗಳನ್ನು ನಾಲ್ಕು ಮಂದಿ ತಳ್ಳಿ ಚಾಲೂ ಮಾಡುತ್ತಿದ್ದ ಕಾಲದ ಧೈರ್ಯ ಹೊಸ ವಾಹನಗಳಿಗೆ ಅನ್ವಯಿಸುವುದಿಲ್ಲ.

ಬ್ಯಾಟರಿ ಏಕೆ ಸೋಲುತ್ತದೆ

ಪಿಕಪ್‌ಗಳಲ್ಲಿ ಇಂಜಿನ್ ಚಾಲೂ ಮಾಡಲು ಇಂದಿಗೂ ಬಳಕೆಯಲ್ಲಿರುವುದು ಸೀಸ-ಆಮ್ಲ ಬ್ಯಾಟರಿ. ಫ್ರಾನ್ಸಿನ ವಿಜ್ಞಾನಿ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದ ತತ್ತ್ವವೇ ಇದಕ್ಕೂ ಆಧಾರ. ಸೀಸದ ಹಾಗೂ ಸೀಸದ ಡೈಆಕ್ಸೈಡಿನ ಫಲಕಗಳು ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಒಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಕೋಶಗಳು ಸೇರಿ ಪೂರ್ಣ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಅಥವಾ ಕೊಂಚ ಹೆಚ್ಚು ತೋರಿಸುತ್ತದೆ. ಅದು ಸೋಲುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು ಬಿಸಿ. ಚಳಿಯಲ್ಲಿ ಬ್ಯಾಟರಿ ಕೈಕೊಡುವುದರಿಂದ ಚಳಿಯೇ ಶತ್ರುವೆಂದು ತಿಳಿಯುವವರಿದ್ದಾರೆ. ಚಳಿಯು ಬ್ಯಾಟರಿಯ ದೌರ್ಬಲ್ಯವನ್ನು ಬಯಲು ಮಾಡುತ್ತದೆ. ಆ ದೌರ್ಬಲ್ಯವನ್ನು ತರುವುದು ಬೇಸಿಗೆ. ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ತಂತ್ರಜ್ಞರು ಒಪ್ಪಿರುವ ಸ್ಥೂಲ ಲೆಕ್ಕ. ಹೊರಗೆ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಇಂಜಿನ್ನಿನ ಪಕ್ಕದ ಉಷ್ಣತೆ ಇನ್ನೂ ಹೆಚ್ಚಿರುತ್ತದೆ. ಆದ್ದರಿಂದ ಅಲ್ಲಿ ಓಡುವ ವಾಹನದ ಬ್ಯಾಟರಿಯಿಂದ ಮಲೆನಾಡಿನ ವಾಹನದ ಬ್ಯಾಟರಿಯಷ್ಟೇ ಆಯುಷ್ಯವನ್ನು ನಿರೀಕ್ಷಿಸಲಾಗದು.

ಎರಡನೆಯದು ಅರೆ ಚಾರ್ಜ್. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ದಿನಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಫಲಕವನ್ನು ನಿರುಪಯುಕ್ತಗೊಳಿಸುತ್ತದೆ. ದಿನವೆಲ್ಲ ನಗರದೊಳಗೆ ಅರ್ಧ ಕಿಲೋಮೀಟರಿಗೊಮ್ಮೆ ನಿಂತು ಮತ್ತೆ ಸೆಲ್ಫ್ ಹೊಡೆಯುವ ವಿತರಣೆ ವಾಹನಗಳಿಗೂ ಹಂಗಾಮಿನ ನಂತರ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ವಾಹನಗಳಿಗೂ ಈ ಅಪಾಯ ಸಮಾನವಾದುದು.

ಮೂರನೆಯದು ಕುಲುಕಾಟ. ಬ್ಯಾಟರಿಯನ್ನು ತಟ್ಟೆಗೆ ಬಿಗಿದು ಹಿಡಿಯುವ ಪಟ್ಟಿ ಸಡಿಲವಾಗಿದ್ದರೆ ಮಣ್ಣುರಸ್ತೆಯ ಕುಲುಕಾಟಕ್ಕೆ ಫಲಕಗಳ ಮೇಲಿನ ಲೇಪ ಉದುರುತ್ತದೆ; ಒಳಗಿನ ಜೋಡಣೆಗಳೂ ಬಿರುಕು ಬಿಡುತ್ತವೆ. ಪಟ್ಟಿ ಮುರಿದಾಗ ಹಗ್ಗದಿಂದಲೋ ಸೈಕಲ್ ಟ್ಯೂಬಿನಿಂದಲೋ ಕಟ್ಟಿದ ಬ್ಯಾಟರಿಗಳು ಅಪರೂಪವಲ್ಲ. ಸಣ್ಣ ಪಟ್ಟಿಯ ಉಳಿತಾಯಕ್ಕಾಗಿ ಬ್ಯಾಟರಿಯನ್ನೇ ಬಲಿಕೊಟ್ಟಂತೆ ಇದು.

ನಾಲ್ಕನೆಯದು ನೀರು. ಮುಚ್ಚಳ ತೆರೆಯುವ ಮಾದರಿಗಳಲ್ಲಿ ನೀರಿನ ಮಟ್ಟ ಇಳಿದು ಫಲಕಗಳು ಗಾಳಿಗೆ ತೆರೆದುಕೊಂಡರೆ ಆ ಭಾಗ ಶಾಶ್ವತವಾಗಿ ಹಾಳಾಗುತ್ತದೆ. ಬಟ್ಟಿ ಇಳಿಸಿದ ನೀರನ್ನು ಮಾತ್ರ ತುಂಬಬೇಕು. ಕೊಳವೆಬಾವಿಯ ನೀರಿನಲ್ಲಿರುವ ಲವಣ ಹಾಗೂ ಕಬ್ಬಿಣದ ಅಂಶಗಳು ಫಲಕಗಳಿಗೆ ಮಾರಕ. 'ಆಸಿಡ್ ಹಾಕಿಸುವುದು' ಎಂಬ ಹಳೆಯ ಅಭ್ಯಾಸವೂ ತಪ್ಪು. ಆವಿಯಾಗುವುದು ನೀರೇ ಹೊರತು ಆಮ್ಲವಲ್ಲ. ಆಮ್ಲವನ್ನೇ ಸೇರಿಸುತ್ತಾ ಹೋದರೆ ಅದರ ಸಾಂದ್ರತೆ ಮಿತಿಮೀರಿ ಫಲಕಗಳು ಬೇಗ ಸವೆಯುತ್ತವೆ.

ಬದಲಾಯಿಸುವ ಮುನ್ನ ಐದು ಪರೀಕ್ಷೆಗಳು

ಒಂದು ಸಾಧಾರಣ ಮಲ್ಟಿಮೀಟರ್ ಹಾಗೂ ಅರ್ಧ ಗಂಟೆಯ ವ್ಯವಧಾನವಿದ್ದರೆ ಬಹುತೇಕ ಸಂಶಯಗಳು ಬಗೆಹರಿಯುತ್ತವೆ.

1. ವಿಶ್ರಾಂತ ವೋಲ್ಟೇಜ್: ರಾತ್ರಿಯೆಲ್ಲ ನಿಂತಿದ್ದ ವಾಹನದಲ್ಲಿ, ಸೆಲ್ಫ್ ಹೊಡೆಯುವ ಮುನ್ನ ಅಳೆಯಬೇಕು. 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ಣ, 12.4 ಇದ್ದರೆ ಸುಮಾರು ಮುಕ್ಕಾಲು, 12.2 ಇದ್ದರೆ ಅರ್ಧ, 12.0ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದರ್ಥ. ಚಾರ್ಜ್ ಕಡಿಮೆಯಿದ್ದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದಲ್ಲ. ಮೊದಲು ಹೊರಗಿನ ಚಾರ್ಜರಿನಿಂದ ಪೂರ್ಣ ಚಾರ್ಜ್ ಮಾಡಿಸಿ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

2. ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್: ಪೂರ್ಣ ಚಾರ್ಜ್ ಆದ ಬ್ಯಾಟರಿ ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಸಾಮಾನ್ಯವಾಗಿ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿಯ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಬ್ಯಾಟರಿ ಅಂಗಡಿಗಳಲ್ಲಿರುವ ಲೋಡ್ ಟೆಸ್ಟರಿನಿಂದ 15 ಸೆಕೆಂಡ್ ಪರೀಕ್ಷಿಸಿ ಇದನ್ನು ಖಚಿತಪಡಿಸಿಕೊಳ್ಳಬಹುದು.

3. ಚಾರ್ಜಿಂಗ್ ವೋಲ್ಟೇಜ್: ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬಹುತೇಕ ವಾಹನಗಳಿಗೆ 13.8ರಿಂದ 14.5 ವೋಲ್ಟ್ ಬರಬೇಕು. ಕಡಿಮೆ ಬಂದರೆ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ತಂತಿಗಳಲ್ಲಿ ದೋಷವಿದೆ. ಸದಾ 15ರ ಆಸುಪಾಸು ಬರುತ್ತಿದ್ದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರನ್ನು ಕುದಿಸುತ್ತಿದೆ. ಈ ಎರಡೂ ಸ್ಥಿತಿಗಳಲ್ಲಿ ಹೊಸ ಬ್ಯಾಟರಿ ಹಾಕುವುದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ.

4. ಕೇಬಲ್‌ಗಳು: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಋಣ ಧ್ರುವಕ್ಕೂ ಇಂಜಿನ್ನಿನ ಲೋಹದ ಭಾಗಕ್ಕೂ ನಡುವೆ ಅಳೆದಾಗ ವ್ಯತ್ಯಾಸ 0.2 ವೋಲ್ಟ್ ಮೀರಿದರೆ ಅರ್ಥಿಂಗ್ ತಂತಿ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ವಿಶೇಷವಾಗಿ ಮೀನು ಸಾಗಿಸುವ ವಾಹನಗಳಲ್ಲಿ, ಈ ದೋಷವನ್ನು ಮೊದಲು ನೋಡತಕ್ಕದ್ದು. ಟರ್ಮಿನಲ್ ಉಜ್ಜಿ ಬಿಗಿದ ಮಾತ್ರಕ್ಕೆ 'ಸತ್ತ' ಬ್ಯಾಟರಿ ಎದ್ದು ಕೂರುವುದುಂಟು.

5. ಸೋರಿಕೆ: ಕೀಲಿ ತೆಗೆದ ಮೇಲೂ ವಾಹನ ಎಷ್ಟು ವಿದ್ಯುತ್ ಹೀರುತ್ತಿದೆ ಎಂಬುದನ್ನು ನೋಡಬೇಕು. 50 ಮಿಲಿ ಆಂಪಿಯರ್‌ಗಿಂತ ಹೆಚ್ಚಿದ್ದರೆ ಕಾರಣ ಹುಡುಕಬೇಕು. ತಪ್ಪಾಗಿ ಜೋಡಿಸಿದ ಜಿಪಿಎಸ್ ಸಾಧನ, ಹೆಚ್ಚುವರಿ ದೀಪ, ಆಂಪ್ಲಿಫೈಯರ್ ಇವೆಲ್ಲ ಸೇರಿ ಅರ್ಧ ಆಂಪಿಯರ್ ಹೀರಿದರೂ 70 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನಗಳಲ್ಲಿ ಅರ್ಧ, ಆರು ದಿನಗಳಲ್ಲಿ ಪೂರ್ತಿ ಖಾಲಿಯಾಗುತ್ತದೆ. ಹಬ್ಬದ ರಜೆ ಮುಗಿಸಿ ಬಂದಾಗ ವಾಹನ ಚಾಲೂ ಆಗದಿರುವುದರ ರಹಸ್ಯ ಎಷ್ಟೋ ಬಾರಿ ಇದೇ ಆಗಿರುತ್ತದೆ.

ಪೂರ್ಣ ಚಾರ್ಜ್ ಮಾಡಿದ ನಂತರವೂ ಎರಡನೆಯ ಪರೀಕ್ಷೆಯಲ್ಲಿ ಬ್ಯಾಟರಿ ಸೋತು, ಉಳಿದವು ಸರಿಯಿದ್ದರೆ ಬದಲಾವಣೆ ಅನಿವಾರ್ಯ. ಹೊರಕವಚ ಉಬ್ಬಿದ್ದರೆ, ಬಿರುಕು ಬಿಟ್ಟು ಆಮ್ಲ ಸೋರುತ್ತಿದ್ದರೆ ಯಾವ ಪರೀಕ್ಷೆಯೂ ಬೇಕಿಲ್ಲ, ಕೂಡಲೇ ತೆಗೆಯಬೇಕು.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಮಾದರಿಯೇ ಆಧಾರವಾಗಬೇಕು. ಬ್ಯಾಟರಿಯ ಮೇಲಿನ ಸಂಕೇತವನ್ನು ಓದಲು ಕಲಿತರೆ ಅಂಗಡಿಯಲ್ಲಿ ಮೋಸಹೋಗುವ ಸಂಭವ ಕಡಿಮೆ. ಉದಾಹರಣೆಗೆ, ಜಪಾನಿನ ಮಾನಕ ಪದ್ಧತಿಯ '80ಡಿ26ಆರ್' ಎಂಬ ಸಂಕೇತದಲ್ಲಿ 80 ಎಂಬುದು ಕಾರ್ಯಕ್ಷಮತೆಯ ದರ್ಜೆ. 'ಡಿ' ಎಂಬುದು ಅಗಲ ಹಾಗೂ ಎತ್ತರದ ವರ್ಗ. 26 ಎಂಬುದು ಸೆಂಟಿಮೀಟರುಗಳಲ್ಲಿ ಉದ್ದ. ಕೊನೆಯ ಅಕ್ಷರ ಧ್ರುವಗಳ ಸ್ಥಾನ. 80 ಎಂಬುದನ್ನು ಆಂಪಿಯರ್-ಅವರ್ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಆಂಪಿಯರ್-ಅವರ್ ಬೇರೆಯೇ ಅಳತೆ: 80 ಆಂಪಿಯರ್-ಅವರ್ ಬ್ಯಾಟರಿ ಎಂದರೆ 4 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದ್ದು.

ಡೀಸೆಲ್ ವಾಹನಕ್ಕೆ ಆಂಪಿಯರ್-ಅವರ್‌ನಷ್ಟೇ ಮುಖ್ಯವಾದುದು ಸಿಸಿಎ, ಅಂದರೆ ತಣ್ಣನೆಯ ಸ್ಥಿತಿಯಲ್ಲಿ ಇಂಜಿನ್ ತಿರುಗಿಸುವ ಶಕ್ತಿ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿ ಕ್ಷಣಿಕವಾಗಿ ಎಷ್ಟು ಆಂಪಿಯರ್ ಕೊಡಬಲ್ಲದೆಂಬುದನ್ನು ಅದು ಹೇಳುತ್ತದೆ. ಅಂತಹ ಚಳಿ ನಮ್ಮಲ್ಲಿ ಇಲ್ಲವಾದರೂ ಎರಡು ಬ್ಯಾಟರಿಗಳ ಬಲವನ್ನು ಹೋಲಿಸಲು ಇದೇ ನಂಬಲರ್ಹ ಸಂಖ್ಯೆ. ಆದರೆ ಅಮೆರಿಕದ ಎಸ್‌ಎಇ ಪದ್ಧತಿಯ ಸಂಖ್ಯೆಯನ್ನು ಜರ್ಮನಿಯ ಡಿನ್ ಪದ್ಧತಿಯ ಸಂಖ್ಯೆಯೊಡನೆ ಹೋಲಿಸಬಾರದು. ಒಂದೇ ಬ್ಯಾಟರಿಗೆ ಇವು ಬೇರೆ ಬೇರೆ ಬರುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಾನಾಗಿಯೇ ಆರುವ ವ್ಯವಸ್ಥೆಯುಳ್ಳ ವಾಹನಗಳಿಗೆ ಅದಕ್ಕೆಂದೇ ತಯಾರಾದ ಇಎಫ್‌ಬಿ ಅಥವಾ ಎಜಿಎಂ ಮಾದರಿಯನ್ನೇ ಹಾಕಬೇಕು. ಸಾಧಾರಣ ಬ್ಯಾಟರಿ ಅಲ್ಲಿ ಬಹುಕಾಲ ಬಾಳದು.

ಅಳತೆಗಿಂತ ಚಿಕ್ಕದನ್ನು ಹಾಕುವುದು ಖಂಡಿತ ಸಲ್ಲದು. ತಟ್ಟೆಗೆ ಸರಿಯಾಗಿ ಕೂರುವಂತಿದ್ದರೆ ಕೊಂಚ ಹೆಚ್ಚು ಸಾಮರ್ಥ್ಯದ್ದರಿಂದ ಹಾನಿಯಿಲ್ಲ. ಆದರೆ ಎತ್ತರದ ಟರ್ಮಿನಲ್ ಮೇಲಿನ ಲೋಹದ ಮುಚ್ಚಳಕ್ಕೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು.

ತಯಾರಿಕೆಯ ತಿಂಗಳನ್ನು ನೋಡಿಯೇ ಕೊಳ್ಳಬೇಕು. ಅಂಗಡಿಯಲ್ಲಿ ಬಹುಕಾಲ ಕೂತ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಂಡು ಸಲ್ಫೇಟ್ ಹಿಡಿದಿರುತ್ತದೆ. ಮೂರು ತಿಂಗಳಿಗಿಂತ ಹಳೆಯದಾಗಿರದೆ, ಕೊಳ್ಳುವಾಗ 12.5 ವೋಲ್ಟ್‌ಗಿಂತ ಹೆಚ್ಚು ತೋರಿಸುವುದನ್ನು ಆರಿಸುವುದು ಉತ್ತಮ. ವಾರಂಟಿಯ ತಿಂಗಳುಗಳನ್ನು ಒಟ್ಟಾಗಿ ಎಣಿಸದೆ, ಅದರಲ್ಲಿ ಉಚಿತ ಬದಲಾವಣೆಯ ಅವಧಿ ಎಷ್ಟು, ಪ್ರೊ-ರಾಟಾ ರಿಯಾಯಿತಿಯ ಅವಧಿ ಎಷ್ಟು ಎಂದು ಬಿಡಿಸಿ ಕೇಳಬೇಕು. ಸ್ವಂತ ಬಳಕೆಯ ಕಾರಿಗೆ ಇರುವ ವಾರಂಟಿ ಬಾಡಿಗೆಗೆ ಓಡುವ ವಾಹನಕ್ಕೆ ಅಷ್ಟೇ ಇರುತ್ತದೆಂದು ಭಾವಿಸಬಾರದು.

ಬೆಲೆಯನ್ನು ದಿನದ ಲೆಕ್ಕಕ್ಕೆ ತಂದು ನೋಡುವುದು ವ್ಯಾಪಾರಿಯ ಜಾಣತನ. ಉದಾಹರಣೆಗೆ, 7,000 ರೂಪಾಯಿಯ ಬ್ಯಾಟರಿ ಮೂರು ವರ್ಷ ಬಾಳಿದರೆ ದಿನಕ್ಕೆ ಸುಮಾರು 6 ರೂಪಾಯಿ 40 ಪೈಸೆ. 4,500 ರೂಪಾಯಿಗೆ ಸಿಕ್ಕ ಮರುಜೋಡಣೆಯ ಬ್ಯಾಟರಿ ಹದಿನೈದು ತಿಂಗಳಿಗೆ ಸೋತರೆ ದಿನಕ್ಕೆ 10 ರೂಪಾಯಿಯ ಸಮೀಪ. ತಪ್ಪಿಹೋದ ಒಂದು ಬಾಡಿಗೆಯ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಬದಲಾಯಿಸುವ ಕ್ರಮ

ಕೀಲಿ ತೆಗೆದು ಕೆಲವು ನಿಮಿಷ ಕಾದು ಕೆಲಸ ಆರಂಭಿಸಬೇಕು. ಬಿಚ್ಚುವಾಗ ಋಣ ಧ್ರುವ ಮೊದಲು, ಧನ ಧ್ರುವ ನಂತರ. ಜೋಡಿಸುವಾಗ ಧನ ಧ್ರುವ ಮೊದಲು, ಋಣ ಧ್ರುವ ಕೊನೆಗೆ. ಈ ಕ್ರಮಕ್ಕೆ ಕಾರಣವಿದೆ. ಋಣ ಧ್ರುವ ವಾಹನದ ದೇಹಕ್ಕೆ ಜೋಡಣೆಯಾಗಿರುವಾಗ ಧನ ಧ್ರುವದ ಮೇಲಿನ ಸ್ಪ್ಯಾನರ್ ದೇಹಕ್ಕೆ ತಾಗಿದರೆ ನೂರಾರು ಆಂಪಿಯರ್ ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಆ ಕಿಡಿ ಸ್ಫೋಟಕ್ಕೂ ಕಾರಣವಾದೀತು. ಹತ್ತಿರದಲ್ಲಿ ಬೀಡಿ, ಸಿಗರೇಟು ಸಲ್ಲದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಕೈಗವಸು ಇರಬೇಕು. ಆಮ್ಲ ತಾಗಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದ ನಂತರ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ತಟ್ಟೆಯ ತುಕ್ಕನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒಣಗಿಸಿ, ಹೊಸ ಬ್ಯಾಟರಿಯನ್ನು ಪಟ್ಟಿಯಿಂದ ಭದ್ರವಾಗಿ ಬಿಗಿಯಬೇಕು. ಟರ್ಮಿನಲ್ಲಿನ ಮೇಲೆ ಸುತ್ತಿಗೆಯಿಂದ ಬಡಿಯಬಾರದು. ಬಿಗಿದ ನಂತರ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ 'ಆಲ್ಟರ್ನೇಟರ್ ಸರಿಯಿದೆಯೇ' ಎಂದು ನೋಡುವ ಹಳೆಯ ಮೆಕ್ಯಾನಿಕ್‌ಗಳ ಪರೀಕ್ಷೆಯನ್ನು ಈಗಿನ ವಾಹನಗಳಲ್ಲಿ ಎಂದಿಗೂ ಮಾಡಿಸಬಾರದು. ಆ ಕ್ಷಣದಲ್ಲಿ ಏರುವ ವೋಲ್ಟೇಜ್ ಇಸಿಯುವನ್ನೇ ಸುಡಬಹುದು.

ದೊಡ್ಡ ಲಾರಿಗಳಲ್ಲಿರುವಂತೆ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಪಡೆಯುವ ವಾಹನಗಳೂ ಇರುವ ಮಾಲೀಕರು ಎರಡನ್ನೂ ಒಟ್ಟಿಗೇ, ಒಂದೇ ಮಾದರಿಯದನ್ನು ಬದಲಾಯಿಸುವುದು ಲೇಸು. ಹಳೆಯದರ ಜೊತೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಟೇಪ್ ರೆಕಾರ್ಡರ್, ಮೊಬೈಲ್ ಚಾರ್ಜರ್‌ಗಳಿಗಾಗಿ ಎರಡರಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯುವ ರೂಢಿ ಆ ಜೋಡಿಯ ಸಮತೋಲನವನ್ನೇ ಕೆಡಿಸುತ್ತದೆ.

ರಸೀದಿ ಮತ್ತು ತೆರಿಗೆ

ಸೀಸ-ಆಮ್ಲ ಬ್ಯಾಟರಿಗಳ ಮೇಲೆ ಶೇಕಡ 28ರಷ್ಟಿದ್ದ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿಸಲಾಗಿದೆ. ನಿಯಮಿತ ಯೋಜನೆಯಡಿ ನೋಂದಾಯಿತರಾಗಿ ತೆರಿಗೆಗೆ ಒಳಪಡುವ ಸರಕಿನ ವಹಿವಾಟು ನಡೆಸುವವರು ತಮ್ಮ ಸರಕು ಸಾಗಣೆ ವಾಹನದ ಬ್ಯಾಟರಿಗೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಲು ಅವಕಾಶವಿದೆ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೂ ವಿನಾಯಿತಿ ಪಡೆದ ಸರಕನ್ನು ಮಾತ್ರ ಮಾರುವವರಿಗೂ ಇದು ದೊರೆಯದು. ಜಮೆ ಸಿಗಲಿ, ಸಿಗದಿರಲಿ, ವಾಹನದ ನೋಂದಣಿ ಸಂಖ್ಯೆ ಹಾಗೂ ಬ್ಯಾಟರಿಯ ಕ್ರಮಸಂಖ್ಯೆ ನಮೂದಿಸಿದ ತೆರಿಗೆ ಬಿಲ್ಲನ್ನು ಪಡೆಯತಕ್ಕದ್ದು. ಬಿಲ್ಲು ಇಲ್ಲದೆ ಉಳಿಸಿದ ಕೆಲವು ನೂರು ರೂಪಾಯಿ, ವಾರಂಟಿ ಕೇಳುವ ದಿನ ಪೂರ್ತಿ ಬ್ಯಾಟರಿಯ ಬೆಲೆಯನ್ನೇ ನುಂಗಿಬಿಡಬಹುದು.

ಹಳೆಯ ಬ್ಯಾಟರಿಯ ಹೊಣೆ

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ ಆಗಿರುವುದರಿಂದ ಹಳೆಯ ಬ್ಯಾಟರಿಗೂ ಬೆಲೆಯಿದೆ. ಅಧಿಕೃತ ಮಾರಾಟಗಾರರು ಕೊಡುವುದಕ್ಕಿಂತ ನೂರೋ ಇನ್ನೂರೋ ಹೆಚ್ಚು ಕೊಡುವ ಗುಜರಿಯವರೂ ಸಿಗುತ್ತಾರೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾಲೀಕರು ಕೇಳಿಕೊಳ್ಳಬೇಕು. ಪರವಾನಗಿಯಿಲ್ಲದ ಕುಲುಮೆಗಳಲ್ಲಿ ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕರಗಿಸಲಾಗುತ್ತದೆ. ಅದರ ಹೊಗೆ ಹಾಗೂ ಧೂಳು ಸುತ್ತಲಿನ ಮಕ್ಕಳ ರಕ್ತವನ್ನು ಸೇರುತ್ತದೆ. ಯುನಿಸೆಫ್ ಹಾಗೂ ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದೆ ಎಂದು ಅಂದಾಜಿಸಿತು. ಸೀಸ-ಆಮ್ಲ ಬ್ಯಾಟರಿಗಳ ಅಸಮರ್ಪಕ ಮರುಬಳಕೆಯನ್ನು ಪ್ರಮುಖ ಕಾರಣಗಳಲ್ಲಿ ಒಂದೆಂದು ಹೆಸರಿಸಿತು. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶದಲ್ಲಿ ಜಾಗೃತಿ ಮೂಡಿಸಲು ಶ್ರಮಿಸಿದುದನ್ನು ಇಲ್ಲಿ ಸ್ಮರಿಸಬಹುದು.

ಹಳೆಯ ಬ್ಯಾಟರಿಗಳನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. ಅದರ ಸ್ಥಾನದಲ್ಲಿ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದು, ತ್ಯಾಜ್ಯದ ಸಂಗ್ರಹಣೆ ಹಾಗೂ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದವು. ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೇ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಧಿಕೃತ ಮಾರಾಟಗಾರರಿಗೇ ಕೊಟ್ಟು, ಅದರ ಮೊತ್ತವನ್ನು ಬಿಲ್ಲಿನಲ್ಲಿ ತೋರಿಸಿಕೊಳ್ಳುವುದು ಅತ್ಯಂತ ಸರಳ ಮಾರ್ಗ.

ಒಂದು ಪುಟ ದಾಖಲೆ ಸಾಕು

ಪ್ರತಿ ವಾಹನಕ್ಕೂ ಒಂದು ಪುಟ ಮೀಸಲಿಟ್ಟು, ಬ್ಯಾಟರಿ ಕೊಂಡ ದಿನಾಂಕ, ಸಂಕೇತ, ಕ್ರಮಸಂಖ್ಯೆ ಹಾಗೂ ವಾರಂಟಿಯ ಕೊನೆಯ ದಿನಾಂಕವನ್ನು ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ವಿಶ್ರಾಂತ, ಸೆಲ್ಫ್ ಹೊಡೆಯುವಾಗಿನ ಹಾಗೂ ಚಾರ್ಜಿಂಗ್ ವೋಲ್ಟೇಜ್‌ಗಳನ್ನು ಅಲ್ಲಿಯೇ ನಮೂದಿಸಿದರೆ ಬ್ಯಾಟರಿಯ ಇಳಿಮುಖ ಮೊದಲೇ ಕಾಣುತ್ತದೆ. ಮಳೆಗಾಲ ಹಾಗೂ ಚಳಿಗಾಲ ಆರಂಭವಾಗುವ ಮುನ್ನ, ಹಂಗಾಮಿನ ಸರಕು ತುಂಬುವ ಮುನ್ನ ಪರೀಕ್ಷಿಸಿ, ದುರ್ಬಲವಾದುದನ್ನು ಬಿಡುವಿನ ದಿನದಲ್ಲಿ, ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ಬದಲಾಯಿಸಬಹುದು. ಹಾಗೆ ಮಾಡುವ ಮಾಲೀಕರಿಗೆ ಮಂಡಿಯ ಬಾಗಿಲಲ್ಲಿ ಕೇಳಿದಷ್ಟು ಬೆಲೆ ತೆರಬೇಕಾದ ಪ್ರಸಂಗ ಬಾರದು. ಇನ್ನೂ ಬಾಳಬಲ್ಲ ಬ್ಯಾಟರಿಯನ್ನು ಗುಜರಿಗೆ ಹಾಕುವ ಪ್ರಸಂಗವೂ ಬಾರದು.